ಭೀಮೆಯ ದಂಡೆಯಲ್ಲಿ ಹಳೆಯ ಕಡಲು

ಭೀಮಾ ನದಿ ಕಡಲನ್ನು ಕಾಣುವುದಿಲ್ಲ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, 861 ಕಿಲೋಮೀಟರ್ ಹರಿದು, ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಬೆರೆಯುತ್ತದೆ. ಅಲ್ಲಿಂದ ಮುಂದೆ ಉಪ್ಪುನೀರು, ಅಳಿವೆ, ಉಬ್ಬರವಿಳಿತ ಎಲ್ಲವೂ ಕೃಷ್ಣೆಯ ಪಾಲಿನವು. ಆದರೂ ಭೀಮೆಯ ದಂಡೆಗೊಂದು ಕಡಲತೀರ ಇದೆ. ಮಂಗಳವೇಢೆ ತಾಲೂಕಿನ ಮಾಚನೂರಿನಿಂದ ನೀರಿನ ದಾರಿ ಹಿಡಿದು ಕೆಳಗೆ ಬಂದರೆ, ಶಹಾಬಾದ, ವಾಡಿ, ಮಳಖೇಡಗಳ ಸೀಮೆಯಲ್ಲಿ ಕಾಲಡಿ ಸಿಗುವ ಚಪ್ಪಟೆ ಸುಣ್ಣಕಲ್ಲು ಒಂದು ಕಾಲಕ್ಕೆ ಆಳವಿಲ್ಲದ ಕಡಲಿನ ತಳವಾಗಿತ್ತು. ಅದರ ಅಂಚಿನ ಬಯಲುಗಳ ಮೇಲೆ ದಿನಾಲು ಉಬ್ಬರ ಏರಿ ಇಳಿಯುತ್ತಿತ್ತು. ಆ ಕಡಲಿನ ನಿಖರ ವಯಸ್ಸಿನ ಬಗ್ಗೆ ಭೂವಿಜ್ಞಾನಿಗಳಲ್ಲಿ ಒಮ್ಮತವಿಲ್ಲ; ಸುಮಾರು ನೂರು ಕೋಟಿ ವರ್ಷಗಳ ಆಸುಪಾಸು ಎಂದು ಹಿಡಿದರೆ ದೊಡ್ಡ ತಪ್ಪಾಗಲಾರದು. ಇಂದು ಆ ತಳ ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ.

ಮಂಗಳವೇಢೆ ಎಂದರೆ ಕನ್ನಡಿಗರಿಗೆ ನೆನಪಾಗುವುದು ಕಲಚುರಿ ಬಿಜ್ಜಳ, ಕಲ್ಯಾಣಕ್ಕೆ ಹೋಗುವ ಮೊದಲು ಅಲ್ಲಿ ಕರಣಿಕರಾಗಿದ್ದರೆಂದು ಪರಂಪರೆ ಹೇಳುವ ಬಸವಣ್ಣನವರು. ಮರಾಠಿಗರಿಗೆ ಸಂತರಾದ ದಾಮಾಜಿಪಂತ, ಚೋಖಾಮೇಳ, ಕಾನ್ಹೋಪಾತ್ರಾ. ಪಟ್ಟಣ ಹೊಳೆಯ ದಂಡೆಯ ಮೇಲಿಲ್ಲ, ಒಂದಿಷ್ಟು ಒಳಗಿದೆ. ಹೊಳೆ ನೋಡಬೇಕಾದರೆ ಸೊಲ್ಲಾಪುರದ ದಾರಿಯಲ್ಲಿ ಮಾಚನೂರಿಗೆ ಹೋಗಬೇಕು. ಅಲ್ಲಿ ಸಿದ್ಧೇಶ್ವರನ ಗುಡಿ, ಗುಡಿಯಿಂದ ನೀರಿಗಿಳಿಯುವ ಪಾವಟಿಗೆಗಳು, ಪಕ್ಕದಲ್ಲಿ ಹಳೆಯ ಕೋಟೆ. ಹತ್ತಿರದ ಬ್ರಹ್ಮಪುರಿಯಲ್ಲಿ ಔರಂಗಜೇಬ 1695ರಿಂದ 1699ರವರೆಗೆ ಪಾಳೆಯ ಹೂಡಿದ್ದ. ದಕ್ಖನಿನ ಯುದ್ಧದ ನಡುವೆ ಈ ಹಳ್ಳಿಯೇ ಕೆಲವು ವರ್ಷ ಮೊಗಲ ಸಾಮ್ರಾಜ್ಯದ ದರ್ಬಾರು ಆಗಿತ್ತು.

ಗುಡಿ, ಪಾವಟಿಗೆ, ಕೋಟೆ ಎಲ್ಲಕ್ಕೂ ಒಂದೇ ಕಲ್ಲು: ಕರಿಕಲ್ಲು, ಅಂದರೆ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹೊರಬಂದ ಲಾವಾ ಪದರ ಪದರವಾಗಿ ಹರಡಿ ಗಟ್ಟಿಯಾದದ್ದು ಇದು. ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಈ ಲಾವಾ ಹೊದ್ದುಕೊಂಡಿದೆ. ಸಹ್ಯಾದ್ರಿಯ ಕಡೆ ಅದರ ದಪ್ಪ ಎರಡು ಕಿಲೋಮೀಟರಿನಷ್ಟು, ಪೂರ್ವಕ್ಕೆ ಬಂದಂತೆ ತೆಳುವಾಗುತ್ತದೆ. ಮಳೆಗಾಲ ಮುಗಿದು ನೀರು ತಗ್ಗಿದ ಮೇಲೆ ಮಾಚನೂರಿನ ಕೆಳಗೆ ನಡೆದರೆ ಕರಿಕಲ್ಲಿನ ಹಾಸುಗಳು ಮೇಲೇಳುತ್ತವೆ. ಹಾಸು ಎಲ್ಲ ಕಡೆ ಒಂದೇ ತೆರನಾಗಿರುವುದಿಲ್ಲ. ಕೆಲವು ಪದರ ನುಣುಪು, ಬಿಗಿ. ಸುತ್ತಿಗೆ ಬಡಿದರೆ ಟಣ್ ಎನ್ನುತ್ತದೆ. ಕೆಲವು ತೂತು ತೂತು. ಲಾವಾದೊಳಗಿನ ಅನಿಲ ಗುಳ್ಳೆಯಾಗಿ ಮೇಲಕ್ಕೆ ಏರುವಷ್ಟರಲ್ಲಿ ಕಲ್ಲು ಹೆಪ್ಪುಗಟ್ಟಿ ಗುಳ್ಳೆ ಅಲ್ಲೇ ಉಳಿದದ್ದರ ಗುರುತು ಅದು. ಆಮೇಲೆ ಎಷ್ಟೋ ಕಾಲ ಜಿನುಗಿದ ನೀರು ಆ ತೂತುಗಳಲ್ಲಿ ಬಿಳಿಯ ಜಿಯೊಲೈಟ್, ಹಾಲುಬಣ್ಣದ ಕ್ಯಾಲ್ಸೆಡೊನಿ, ಪಟ್ಟೆಪಟ್ಟೆಯ ಅಗೇಟ್ ತುಂಬಿಸಿತು. ಬಸಾಲ್ಟ್ ಸವೆದು ಹೋದರೂ ಕ್ಯಾಲ್ಸೆಡೊನಿ, ಅಗೇಟುಗಳು ಬೇಗ ಸವೆಯುವುದಿಲ್ಲ. ಹೊಳೆಯ ಉಸುಕಿನಲ್ಲಿ ಬೆಣಚುಕಲ್ಲಿನಂತೆ ಹೊಳೆಯುವ ಕಲ್ಲುಗಳಲ್ಲಿ ಬಹುಪಾಲು ಇವೇ. ಎರಡು ಲಾವಾ ಪದರಗಳ ನಡುವೆ ಕೆಲವು ಕಡೆ ಇಟ್ಟಿಗೆ ಬಣ್ಣದ ಮಣ್ಣಿನ ತೆಳು ಪಟ್ಟಿ ಕಾಣುತ್ತದೆ. ಒಂದು ಲಾವಾ ಹರಿದು ತಣ್ಣಗಾಗಿ, ಅದರ ಮೇಲ್ಮೈ ಬಿಸಿಲು ಮಳೆಗೆ ಮಣ್ಣಾಗುವಷ್ಟು ಕಾಲ ಕಳೆದ ಮೇಲೆ ಇನ್ನೊಂದು ಲಾವಾ ಬಂದು ಆ ಮಣ್ಣನ್ನು ಸುಟ್ಟಿದೆ.

ಕರಿಕಲ್ಲಿನ ಈ ನಾಡಿನಲ್ಲಿಯೂ ಸುಣ್ಣವಿದೆ, ಅದೂ ಕಾಲಿಗೊಂದು ಕೈಗೊಂದು ಸಿಗುವಷ್ಟು. ಹೊಳೆಯ ದಡ ಕುಸಿದ ಕಡೆ ಯರಿ ಮಣ್ಣಿನ ಕಪ್ಪು ಗೋಡೆ ನಿಂತಿರುತ್ತದೆ. ಆ ಗೋಡೆಯ ಕೆಳ ಅರ್ಧದಲ್ಲಿ ಬಿಳಿ, ಬೂದು ಬಣ್ಣದ ಗಂಟುಗಂಟಾದ ಹರಳುಗಳು ಹುದುಗಿರುತ್ತವೆ. ಬಟಾಣಿಯಷ್ಟು ಸಣ್ಣವು, ಆಲೂಗಡ್ಡೆಯಷ್ಟು ದೊಡ್ಡವು, ಕೆಲವು ಶುಂಠಿಯಂತೆ ಕವಲೊಡೆದವು. ಇವು ಕಂಕರ, ಸುಣ್ಣದ ಹರಳು. ಒಂದನ್ನು ಒಡೆದರೆ ಹೊರಗೆ ಮಣ್ಣು ಮೆತ್ತಿದ ಒರಟು ಸಿಪ್ಪೆ, ಒಳಗೆ ಬಿಗಿಯಾದ ಬೂದುಬಿಳುಪು, ನಟ್ಟನಡುವೆ ಎಷ್ಟೋ ಸಲ ಕಪ್ಪು ಚುಕ್ಕೆ ಅಥವಾ ಬಿರುಕು. ಕೊಳೆತು ಹೋದ ಬೇರಿನ ಸುತ್ತ ಸುಣ್ಣ ಕಟ್ಟಿದ್ದರೆ ನಡುವೆ ಕೊಳವೆಯಂಥ ತೂತು ಇರುತ್ತದೆ. ಬಸಾಲ್ಟಿನಲ್ಲಿರುವ ಕ್ಯಾಲ್ಸಿಯಂ ಮಳೆನೀರಿಗೆ ಕರಗಿ ಕೆಳಗಿಳಿಯುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಸೀಮೆಯಲ್ಲಿ ಆ ನೀರು ಹೊಳೆ ಸೇರುವ ಮೊದಲೇ ಆರಿಹೋಗುತ್ತದೆ. ಕರಗಿದ ಸುಣ್ಣ ಮಣ್ಣಿನ ನಡುವೆಯೇ ಗಂಟು ಕಟ್ಟುತ್ತದೆ. ಕೊಂಕಣದಲ್ಲಿಯೂ ಇದೇ ಬಸಾಲ್ಟ್ ಇದೆ. ಅಲ್ಲಿಯ ಜಡಿಮಳೆ ಸುಣ್ಣವನ್ನೆಲ್ಲ ತೊಳೆದೊಯ್ದು ಕೆಂಪು ಮುರಕಲ್ಲು ಬಿಟ್ಟಿದೆ. ಸೊಲ್ಲಾಪುರ, ಮಂಗಳವೇಢೆಗಳ ಬರ ಸೀಮೆಯ ಸಹಿ ಈ ಕಂಕರ ಎನ್ನಬಹುದು.

ಸುಣ್ಣ ಹೌದೋ ಅಲ್ಲವೋ ತಿಳಿಯಲು ಪ್ರಯೋಗಶಾಲೆ ಬೇಡ. ಹರಳನ್ನು ಕಲ್ಲಿನಿಂದ ಜಜ್ಜಿ ಹಿಟ್ಟು ಮಾಡಿ ಅದರ ಮೇಲೆ ನಿಂಬೆಹಣ್ಣಿನ ರಸ ಹಿಂಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಕರಿಕಲ್ಲಿನ ಪುಡಿಗೆ ಎಷ್ಟು ಹಿಂಡಿದರೂ ಏನೂ ಆಗುವುದಿಲ್ಲ. ಇದೇ ನಿಂಬೆಹಣ್ಣು ಮುಂದೆ ಶಹಾಬಾದಿನವರೆಗೂ ಉಪಯೋಗಕ್ಕೆ ಬರುತ್ತದೆ.

ದಂಡೆಯ ಕೆಲವು ಕಡೆ ಇದೇ ಸುಣ್ಣ ಇನ್ನೊಂದು ಕೆಲಸ ಮಾಡಿದೆ. ಹಳೆಯ ಕಾಲದ ಹೊಳೆ ಬಿಟ್ಟುಹೋದ ಉಸುಕು, ಗುಂಡುಕಲ್ಲುಗಳ ನಡುವೆ ಸೇರಿ, ಗಾರೆಯಂತೆ ಬೆಸೆದು, ಒಂದಾಳೆತ್ತರದ ಗಟ್ಟಿ ಬಂಡೆ ಮಾಡಿದೆ. ಕೆಳಗಿನ ಮೆತ್ತನೆಯ ಪದರವನ್ನು ನೀರು ಕೊರೆದಾಗ ಈ ಬಂಡೆ ಮಾಡಿನಂತೆ ಮುಂದಕ್ಕೆ ಚಾಚಿ ನಿಲ್ಲುತ್ತದೆ. ಅದರ ಮೇಲೆ ನಡೆಯುವುದು ಹಗುರ, ಕೆಳಗೆ ಕೂಡುವುದು ಅಪಾಯ. ಯಾವಾಗ ಮುರಿದು ಬೀಳುತ್ತದೆಂದು ಹೇಳಲಾಗದು. ಸಿಮೆಂಟು ಬರುವ ಮೊದಲು ಈ ಸೀಮೆಯ ಗುಡಿ, ವಾಡೆ, ಬಾವಿಗಳ ಗಚ್ಚಿಗೆ ಸುಣ್ಣ ಸಿಗುತ್ತಿದ್ದದ್ದು ಕಂಕರ ಸುಟ್ಟ ಭಟ್ಟಿಗಳಿಂದ. ಸುಟ್ಟ ಸುಣ್ಣವನ್ನು ಎತ್ತು ಕಟ್ಟಿದ ಕಲ್ಲಿನ ಗಾಣದಲ್ಲಿ ಉಸುಕಿನೊಂದಿಗೆ ಅರೆಯುತ್ತಿದ್ದರು. ಕಂಕರದಲ್ಲಿ ಜೇಡಿಯೂ ಬೆರೆತಿರುವುದರಿಂದ ಅದರ ಗಚ್ಚು ನೀರಿನಲ್ಲಿಯೂ ಬಿಗಿಯುತ್ತದೆ. ಹೊಳೆಯ ಪಾವಟಿಗೆಗಳು ಇಷ್ಟು ಶತಮಾನ ನಿಂತಿರುವುದರ ಹಿಂದೆ ಅದರ ಪಾಲೂ ಇದೆ.

ದಂಡೆಯ ಮೇಲಿನ ಯರಿಯಲ್ಲಿ ಬೆಳೆಯುವುದು ಜೋಳ. ಮಂಗಳವೇಢೆಯ ಮಾಲದಂಡಿ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹಿಂಗಾರಿನಲ್ಲಿ ಬಿತ್ತಿದ ಈ ಬೆಳೆ ಮಳೆ ನೋಡದೆ, ಮಣ್ಣು ಹಿಡಿದಿಟ್ಟ ತೇವದಲ್ಲಿಯೇ ತೆನೆ ಕಟ್ಟುತ್ತದೆ. ನಡೆಯುವವರಿಗೆ ಮಾತ್ರ ಇದೇ ಮಣ್ಣು ವೈರಿ. ಹಸಿಯಾದಾಗ ಮೆಟ್ಟಿಗೆ ಮೆತ್ತಿ ಹೆಜ್ಜೆ ಹೆಜ್ಜೆಗೂ ಕಾಲು ಭಾರವಾಗುತ್ತದೆ. ಒಣಗಿದಾಗ ಹಿಮ್ಮಡಿ ಇಳಿಯುವಷ್ಟು ಅಗಲದ ಬಿರುಕು. ಅದಕ್ಕೇ ಹೊಳೆಸಾಲಿನ ಜನ ದೂರ ನಡೆಯುವಾಗ ಕರಿಕಲ್ಲಿನ ಹಾಸು ಅಥವಾ ಉಸುಕಿನ ಅಂಚು ಹಿಡಿಯುತ್ತಾರೆ.

ಉಸುಕಿನ ಅಂಚು ಹಿಡಿದವರು ನೀರಿನ ಮೇಲೆ ಕಣ್ಣಿಡಬೇಕು. ಕಡಲದಂಡೆಯಲ್ಲಿ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಪಂಚಾಂಗ ನೋಡಿ ಹೇಳಬಹುದು. ಭೀಮೆಯ ಏರಿಳಿತ ಅಷ್ಟು ನಿಯತ್ತಿನದಲ್ಲ. ಮಂಗಳವೇಢೆಯ ಮೇಲುಗಡೆ ಉಜನಿ ಅಣೆಕಟ್ಟಿದೆ. 1980ರಲ್ಲಿ ಪೂರ್ಣಗೊಂಡ ಈ ಜಲಾಶಯದಲ್ಲಿ ಸುಮಾರು 117 ಟಿಎಂಸಿ ನೀರು ನಿಲ್ಲುತ್ತದೆ. ಕೆಳಗೆ ಉದ್ದಕ್ಕೂ ಬಾಂದಾರಗಳೆಂಬ ಸಣ್ಣ ಒಡ್ಡುಗಳು. ಕುಡಿಯುವ ನೀರಿಗೆಂದೋ ಪಂಢರಪುರದ ವಾರಿ ಯಾತ್ರೆಗೆಂದೋ ಉಜನಿಯಿಂದ ನೀರು ಬಿಟ್ಟರೆ ಆಕಾಶದಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರುತ್ತದೆ. ಬಾಂದಾರದ ಬಾಗಿಲು ಹಾಕಿದರೆ ಮೇಲಿನ ಹಾಸುಗಲ್ಲು ವಾರಗಟ್ಟಲೆ ಮುಳುಗಿರುತ್ತದೆ, ತೆಗೆದರೆ ಒಂದು ರಾತ್ರಿಯಲ್ಲಿ ಬಯಲಾಗುತ್ತದೆ. ಹೀಗೆ ಹೊಸದಾಗಿ ಬಯಲಾದ ಹಾಸಿನ ಮೇಲೆ ಪಾಚಿ ಇರುತ್ತದೆ. ಅಲ್ಲಿ ಜಾರಿ ಬಿದ್ದವರೇ ಹೆಚ್ಚು.

ಮಳೆಗಾಲದ ನೆರೆಯ ಕತೆ ಬೇರೆ. ಭೀಮೆಗೆ ಸೇರುವ ಮಾಣ ನದಿ ವರ್ಷದ ಬಹುಭಾಗ ಉಸುಕಿನ ಪಟ್ಟಿಯಷ್ಟೇ. 1700ರಲ್ಲಿ ಔರಂಗಜೇಬನ ಸೈನ್ಯ ಅದರ ದಂಡೆಯ ಖವಾಸಪುರದಲ್ಲಿ ಇಳಿದಿತ್ತು. ಒಣ ಪಾತ್ರದಲ್ಲಿಯೂ ಡೇರೆಗಳು. ಅಕ್ಟೋಬರ್ ಮೊದಲ ರಾತ್ರಿ ಮೇಲಿನ ಗುಡ್ಡಗಳಲ್ಲಿ ಬಿದ್ದ ಮಳೆ ಪ್ರವಾಹವಾಗಿ ಬಂತು. ಮನುಷ್ಯರು, ದನಕರು, ಡೇರೆ ಕೊಚ್ಚಿಹೋದವು. ಗದ್ದಲಕ್ಕೆ ಎದ್ದ ಮುದಿ ಬಾದಶಹ ಕತ್ತಲಲ್ಲಿ ಎಡವಿ ಮೊಣಕಾಲಿನ ಕೀಲು ತಪ್ಪಿಸಿಕೊಂಡ; ಸಾಯುವವರೆಗೂ ಕುಂಟುತ್ತಲೇ ನಡೆದ. ಇದು ವಂಶದ ಮೂಲಪುರುಷ, ಕುಂಟ ತೈಮೂರನ ಪರಂಪರೆ ಎಂದು ಹೊಗಳುಭಟರು ಸಮಾಧಾನ ಹೇಳಿದರಂತೆ. ಅಕ್ಟೋಬರ್ ಈ ಸೀಮೆಗೆ ಇಂದಿಗೂ ನಂಬಬಾರದ ತಿಂಗಳು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಸೊಲ್ಲಾಪುರ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಹೊಳೆಸಾಲಿನ ಊರುಗಳನ್ನು ನೀರಿನಲ್ಲಿ ನಿಲ್ಲಿಸಿತು.

ಮಾಚನೂರಿನ ಕೆಳಗೆ ದಂಡೆ ಬಹುದೂರ ಒಂದೇ ರೀತಿ: ಕರಿಕಲ್ಲು, ಯರಿ, ಕಬ್ಬು, ಪಂಪುಸೆಟ್ಟಿನ ಕೊಳವೆಗಳು. ದಕ್ಷಿಣ ಸೊಲ್ಲಾಪುರ ತಾಲೂಕಿನ ಹತ್ತರಸಂಗ ಕೂಡಲದಲ್ಲಿ ಸೀನಾ ನದಿ ಬಂದು ಸೇರುತ್ತದೆ. ಅಲ್ಲಿಯ ಸಂಗಮೇಶ್ವರ ಗುಡಿಯಲ್ಲಿ ಶಕ 940, ಅಂದರೆ 1018ರ ಶಾಸನ ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದು. ಅಲ್ಲಿಂದ ಅಕ್ಕಲಕೋಟ ತಾಲೂಕಿನ ದಕ್ಷಿಣದ ಅಂಚಿನಲ್ಲಿ ಹೊಳೆಯೇ ಮಹಾರಾಷ್ಟ್ರ, ಕರ್ನಾಟಕಗಳ ಗಡಿ. ಎರಡೂ ದಂಡೆಯ ಊರುಗಳಲ್ಲಿ ಮನೆಮಾತು ಬಹಳಷ್ಟು ಕನ್ನಡವೇ; ಆಚೆ ದಂಡೆಯವರನ್ನು ಕೂಗಿ ಕರೆದರೆ ಓಗೊಡುವುದೂ ಅದೇ ಮಾತಿನಲ್ಲಿ. ಮುಂದೆ ಅಫಜಲಪುರ ತಾಲೂಕಿನಲ್ಲಿ ಅಮರ್ಜಾ ಸೇರುವ ಗಾಣಗಾಪುರ, ದತ್ತನ ಕ್ಷೇತ್ರ. ಅಲ್ಲಿಯವರೆಗೂ ಕಲ್ಲು ಕಪ್ಪೇ.

ಬದಲಾವಣೆ ಕಾಣುವುದು ಕಲಬುರಗಿ ದಾಟಿದ ಮೇಲೆ. ಕಲಬುರಗಿ ನಗರ ನಿಂತಿರುವುದು ಬಸಾಲ್ಟಿನ ಮೇಲೆ. ಆಗ್ನೇಯಕ್ಕೆ ಸುಮಾರು 25 ಕಿಲೋಮೀಟರ್ ದೂರದ ಶಹಾಬಾದ ಸುಣ್ಣಕಲ್ಲಿನ ಮೇಲಿದೆ. ಈ ನಡುವೆಯೇ ಎಲ್ಲೋ ಲಾವಾದ ಹೊದಿಕೆ ತೆಳುವಾಗಿ, ಹರಿದು, ಮುಗಿದು, ಅದರ ಕೆಳಗಿದ್ದ ಹಳೆಯ ನೆಲ ಹೊರಬೀಳುತ್ತದೆ. ಲಾವಾ ಮೇಲಿನದು, ಹೊಸದು. ಸುಣ್ಣಕಲ್ಲು ಕೆಳಗಿನದು, ಹಳೆಯದು. ಇನ್ನೂ ಕೆಳಗೆ, ಯಾದಗಿರಿಯ ಕೋಟೆ ನಿಂತಿರುವ ಗ್ರಾನೈಟು, ಸುಮಾರು 250 ಕೋಟಿ ವರ್ಷದ್ದು. ಹೊಳೆಯ ಜೊತೆ ಇಳಿಯುತ್ತ ಹೋದವರು ಕಾಲದಲ್ಲಿ ಹಿಂದಕ್ಕೆ ಹೋಗುತ್ತಾರೆ.

ಈ ಸುಣ್ಣಕಲ್ಲಿನ ಶ್ರೇಣಿಗೆ ಭೂವಿಜ್ಞಾನಿಗಳು ನದಿಯ ಹೆಸರನ್ನೇ ಇಟ್ಟಿದ್ದಾರೆ: ಭೀಮಾ ಶ್ರೇಣಿ. ಸುಮಾರು 5,000 ಚದರ ಕಿಲೋಮೀಟರಿನಲ್ಲಿ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಮತ್ತು ಪಕ್ಕದ ತೆಲಂಗಾಣದಲ್ಲಿ ಇದು ಹರಡಿದೆ. ಒಟ್ಟು ದಪ್ಪ ಸುಮಾರು 300 ಮೀಟರ್. ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಬಗ್ಗೆ 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಕಲ್ಲುಗಳ ವಿವರವಿದೆ. ತಳದಲ್ಲಿ ರಬನಪಲ್ಲಿ ಎಂಬ ಊರಿನ ಹೆಸರಿನ ಪದರಗಳು: ಗುಂಡುಕಲ್ಲು, ಮರಳುಗಲ್ಲು, ಹಸಿರು ಕೆಂಪು ಜೇಡಿಗಲ್ಲು. ಅವುಗಳ ಮೇಲೆ ಶಹಾಬಾದಿನ ಸುಣ್ಣಕಲ್ಲು. ಈ ಕ್ರಮದಲ್ಲಿಯೇ ಕಡಲು ಬಂದ ಕತೆ ಇದೆ. ಮೊದಲು ದಡದ ಗುಂಡುಕಲ್ಲು, ಆಮೇಲೆ ಅಲೆಯಾಡಿದ ಮರಳು, ಆಮೇಲೆ ಉಬ್ಬರವಿಳಿತದ ಬಯಲಿನ ಕೆಸರು, ಕೊನೆಗೆ ಮಣ್ಣು ಬಾರದಷ್ಟು ತಿಳಿಯಾದ ನೀರಿನಲ್ಲಿ ಇಂಚಿಂಚಾಗಿ ಇಳಿದ ಸುಣ್ಣದ ಕೆಸರು. ನೆಲದ ಮೇಲೆ ಕಡಲು ನಿಧಾನವಾಗಿ ಏರಿಬಂದರೆ ಪದರಗಳು ಇದೇ ಕ್ರಮದಲ್ಲಿ ಕೂಡುತ್ತವೆ.

ಉಬ್ಬರವಿಳಿತದ ಬಯಲು ಹೇಗಿರುತ್ತದೆಂದು ನೋಡಬೇಕಾದರೆ ಇಂದು ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ ಹೋಗಬೇಕು. ಕರ್ನಾಟಕದ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಅಂತರ ಸುಮಾರು ಒಂದೂವರೆ ಮೀಟರಿನ ಆಸುಪಾಸು. ಖಂಭಾತ ಕೊಲ್ಲಿಯಲ್ಲಿ ಅದು ಹತ್ತು ಮೀಟರ್ ಮೀರುತ್ತದೆ. ಇಳಿತದ ಹೊತ್ತಿಗೆ ಕುಮಟಾ ಕಡೆಯ ಹೆಂಗಸರು ಬುಟ್ಟಿ ಹಿಡಿದು ಬಳಚು ಆರಿಸಲು ಇಳಿಯುವ ಆ ಕೆಸರು ಬಯಲಿನಲ್ಲಿ ನೀರು ಬಿಟ್ಟುಹೋದ ಸಣ್ಣ ಸಣ್ಣ ಏಣುಗಳಿರುತ್ತವೆ. ಅಲೆ ಹಿಂದೆ ಮುಂದೆ ಆಡಿದ ಕಡೆ ಏಣಿನ ಎರಡೂ ಮಗ್ಗುಲು ಒಂದೇ ಇಳಿಜಾರು. ನೀರು ಒಂದೇ ದಿಕ್ಕಿಗೆ ಸೆಳೆದ ಕಡೆ ಒಂದು ಮಗ್ಗುಲು ಕಡಿದು, ಇನ್ನೊಂದು ಓರೆ. ಉಬ್ಬರ ತಲುಪದ ಎತ್ತರದ ಕೆಸರು ಬಿಸಿಲಿಗೆ ಬಿರಿದಿರುತ್ತದೆ. ಕರಾವಳಿಯ ಬಂಡೆಗಳು ಗ್ರಾನೈಟು, ನೈಸು, ಮುರಕಲ್ಲಿನವು. ಸುಣ್ಣಕಲ್ಲಿನ ದಂಡೆ ಅಲ್ಲಿಲ್ಲ. ಅಲ್ಲಿಯ ಸುಣ್ಣ ಹೆಚ್ಚಾಗಿ ಚಿಪ್ಪಿನದು. ಅಘನಾಶಿನಿಯ ತಳದಿಂದ ಚಿಪ್ಪು ಎತ್ತಿ ಸುಣ್ಣಕ್ಕೆ ಬಳಸಿದ್ದೂ ಉಂಟು.

ಭೀಮಾ ಶ್ರೇಣಿಯ ಮರಳುಗಲ್ಲಿನ ಮೇಲೆ ಅಂಥವೇ ಏಣುಗಳು ಕಲ್ಲಾಗಿ ಕೂತಿವೆ. ಚಿಪ್ಪುಗಳಿಲ್ಲ, ಏಕೆಂದರೆ ಚಿಪ್ಪು ಕಟ್ಟುವ ಪ್ರಾಣಿಗಳು ಆಗಿನ್ನೂ ಹುಟ್ಟಿರಲಿಲ್ಲ. ಆ ಕಡಲಿನ ಜೀವವೆಂದರೆ ಬಹುಪಾಲು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಬಾಗಲಕೋಟೆಯ ಕಡೆ, ಇನ್ನೂ ಹಳೆಯದಾದ ಕಲಾದಗಿ ಶ್ರೇಣಿಯಲ್ಲಿ, ಅಂಥ ಜೀವಿಗಳ ಚಾಪೆಗಳು ಪದರಗಟ್ಟಿದ ಸ್ಟ್ರೊಮಾಟೊಲೈಟುಗಳು ಸ್ಪಷ್ಟವಾಗಿ ಕಾಣುತ್ತವೆ. ಶಹಾಬಾದಿನ ಕಲ್ಲು ಬಹುಮಟ್ಟಿಗೆ ನುಣ್ಣನೆಯ ಕೆಸರೇ.

ಆ ಕಡಲಿನ ಉಬ್ಬರ ಇಂದಿನ ಲೆಕ್ಕದ್ದಲ್ಲ. ಚಂದ್ರ ಭೂಮಿಯಿಂದ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಅಪೊಲೊ ಯಾತ್ರಿಗಳು ಇಟ್ಟುಬಂದ ಕನ್ನಡಿಗಳಿಗೆ ಲೇಸರ್ ಹಾಯಿಸಿ ಅಳೆದ ಲೆಕ್ಕ ಇದು. ಉಬ್ಬರದ ತಿಕ್ಕಾಟಕ್ಕೆ ಭೂಮಿಯ ತಿರುಗು ನಿಧಾನವಾಗುತ್ತ ಬಂದಿದೆ. ದಕ್ಷಿಣ ಆಸ್ಟ್ರೇಲಿಯಾದ ಎಲಟಿನಾ ಎಂಬಲ್ಲಿ ಸುಮಾರು 62 ಕೋಟಿ ವರ್ಷ ಹಳೆಯ ಜೇಡಿ-ಮರಳಿನ ಪದರಗಳಲ್ಲಿ ದಿನದಿನದ ಉಬ್ಬರಗಳನ್ನು ಎಣಿಸಿದ ವಿಜ್ಞಾನಿಗಳು ಆಗಿನ ದಿನ ಸುಮಾರು 22 ಗಂಟೆ, ವರ್ಷಕ್ಕೆ ಸುಮಾರು 400 ದಿನ ಎಂದು ಕಂಡುಕೊಂಡರು. ಭೀಮಾ ಶ್ರೇಣಿಯ ಕಡಲು ಅದಕ್ಕೂ ಹಳೆಯದೆಂದರೆ ಚಂದ್ರ ಇನ್ನೂ ಹತ್ತಿರ, ದಿನ ಇನ್ನೂ ಸಣ್ಣದು. ದಡದ ಮೇಲೆ ಹುಲ್ಲಿಲ್ಲ, ಗಿಡವಿಲ್ಲ. ಬರಿ ಗ್ರಾನೈಟಿನ ಗುಡ್ಡ ಮತ್ತು ಕೆಸರು.

ಕಾಗಿಣಾ ನದಿ ಶಹಾಬಾದಿನ ಹತ್ತಿರ ಭೀಮೆಯನ್ನು ಸೇರುತ್ತದೆ. ಈ ಎರಡು ಹೊಳೆಗಳ ದಂಡೆಯಲ್ಲಿ ಸುಣ್ಣಕಲ್ಲಿನ ಮೇಲೆ ನಡೆಯುವ ಅನುಭವ ಕರಿಕಲ್ಲಿನದಕ್ಕಿಂತ ತೀರ ಬೇರೆ. ಕರಿಕಲ್ಲಿನ ಹಾಸು ಉಬ್ಬುತಗ್ಗು. ಸುಣ್ಣಕಲ್ಲಿನದು ಮಟ್ಟಗೋಲು ಹಿಡಿದು ಹಾಸಿದಂತೆ ಸಪಾಟು. ಪದರಗಳು ಇಷ್ಟು ಕಾಲ ಕಳೆದರೂ ಬಹುತೇಕ ಅಡ್ಡಡ್ಡವೇ ಉಳಿದಿವೆ, ಮಡಚಿಲ್ಲ. ಮೇಲಿಂದ ಕೆಳಕ್ಕೆ ಸೀಳಿದ ಬಿರುಕುಗಳು ಒಂದಕ್ಕೊಂದು ಅಡ್ಡ ಹಾಯ್ದಿರುವುದರಿಂದ ದಂಡೆ ತಾನಾಗಿಯೇ ಚೌಕ ಚೌಕವಾಗಿ ಒಡೆದು ಪಾವಟಿಗೆ ಪಾವಟಿಗೆಯಾಗಿ ನೀರಿಗಿಳಿಯುತ್ತದೆ. ಪದರಗಳ ನಡುವೆ ಜೇಡಿಯ ತೆಳು ಪೊರೆ ಇದೆ. ನೀರು ಅದನ್ನು ತೊಳೆದರೆ ಮೇಲಿನ ಚಪ್ಪಡಿ ಸಡಿಲವಾಗಿ ಕಾಲಿಟ್ಟಾಗ ಕಡಕ್ಕನೆ ಅಲುಗುತ್ತದೆ. ಭಾರ ಹಾಕುವ ಮೊದಲು ಒಮ್ಮೆ ಒತ್ತಿ ನೋಡುವುದು ಒಳ್ಳೆಯದು.

ಬಾಗಿ ನೋಡಿದರೆ ಬಣ್ಣಗಳು ಕಾಣುತ್ತವೆ: ಬೂದು, ನೀಲಿ ಛಾಯೆಯ ಬೂದು, ಗುಲಾಬಿ, ಮಾಸಲು ಹಳದಿ. ಒಡೆದ ಮೈಯಲ್ಲಿ ಗರಗಸದ ಹಲ್ಲಿನಂಥ ಅಂಕುಡೊಂಕು ಗೆರೆಯೊಂದು ಪದರದ ಉದ್ದಕ್ಕೂ ಓಡಿರುತ್ತದೆ. ಮೇಲಿನ ಭಾರಕ್ಕೆ ಸುಣ್ಣ ಕರಗಿ, ಕರಗದ ಜೇಡಿ ಮಾತ್ರ ಅಲ್ಲಿ ಕಪ್ಪಾಗಿ ಉಳಿದದ್ದು ಅದು, ಸ್ಟೈಲೊಲೈಟ್ ಎನ್ನುತ್ತಾರೆ. ಅದನ್ನು ಎಲೆಯ ಗುರುತೆಂದೋ ಹಾವಿನ ಗುರುತೆಂದೋ ತಿಳಿಯುವವರಿದ್ದಾರೆ. ಮಳೆನೀರಿನಲ್ಲಿ ಸ್ವಲ್ಪ ಇಂಗಾಲಾಮ್ಲ ಬೆರೆತಿರುತ್ತದೆ. ಅದು ಸುಣ್ಣಕಲ್ಲನ್ನು ಕರಗಿಸುತ್ತದೆ. ಹಾಗಾಗಿ ಬಹುಕಾಲ ಬಯಲಿಗೆ ಬಿದ್ದ ಚಪ್ಪಡಿಯ ಮೇಲೆ ಬಟ್ಟಲಿನಂಥ ಕುಳಿ, ಬೆರಳಗಲದ ಕಾಲುವೆ ಮೂಡುತ್ತವೆ, ಅಂಚು ಚೂಪಾಗುತ್ತದೆ. ಬರಿಗಾಲು ಇಲ್ಲಿಗೆ ಸಲ್ಲದು.

ಈ ಕಲ್ಲನ್ನು ಮನುಷ್ಯ ಎಷ್ಟು ಹಿಂದಿನಿಂದ ಒಡೆಯುತ್ತಿದ್ದಾನೆ ಎಂಬುದಕ್ಕೆ ಸುರಪುರ ಸೀಮೆಯ ಇಸಾಂಪುರ ಸಾಕ್ಷಿ. ಹುಣಸಗಿ ಹತ್ತಿರದ ಈ ಊರಿನಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಉತ್ಖನನ ಮಾಡಿದರು. ಅಲ್ಲಿ ಸಿಕ್ಕದ್ದು ಹಳೆಯ ಶಿಲಾಯುಗದ ಕಲ್ಲು ಕಾರ್ಖಾನೆ. ಗಟ್ಟಿ ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಗುಂಡುಕಲ್ಲಿನಿಂದ ಬಡಿದು, ಕೈಗೊಡಲಿ ಮಾಡಿದ ಜಾಗ. ಅರ್ಧ ಮಾಡಿ ಬಿಟ್ಟ ಉಪಕರಣ, ಸಿಡಿದ ಚಕ್ಕೆ, ಬಡಿದ ಗುಂಡು ಎಲ್ಲ ಇದ್ದಲ್ಲೇ ಇದ್ದವು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಕಾಲನಿರ್ಣಯದಿಂದ ಜಾಗದ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಬಂತು. ಪದರ ಪದರವಾಗಿ ಏಳುವ ಕಲ್ಲಿನ ಗುಣವೇ ಆ ಜನಕ್ಕೆ ಅನುಕೂಲವಾಗಿತ್ತು.

ಆ ಗುಣವೇ ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಗಳ ಬೌದ್ಧ ಶಿಲ್ಪಿಗಳಿಗೂ ಒದಗಿತು. ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆ ಅಗೆದಾಗ ಕುಸಿದ ಸ್ತೂಪದ ಸುತ್ತ ಸುಣ್ಣಕಲ್ಲಿನ ಕೆತ್ತನೆಯ ಫಲಕಗಳು ದೊರೆತವು. ಒಂದರಲ್ಲಿ ರಾಜ, ರಾಣಿ, ಪರಿಚಾರಿಕೆಯರು. ಬ್ರಾಹ್ಮಿಯಲ್ಲಿ ‘ರಾಯಾ ಅಸೋಕೋ’ ಎಂಬ ಬರಹ. ಹೆಸರು ಸಮೇತ ಸಿಕ್ಕ ಅಶೋಕನ ಚಿತ್ರ ಇದು. ನುಣ್ಣನೆಯ ಕಲ್ಲಾದ್ದರಿಂದ ಬಳೆ, ಕೇಶಾಲಂಕಾರ, ಬಟ್ಟೆಯ ನಿರಿಗೆಯವರೆಗೆ ಉಳಿ ಓಡಿದೆ. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಕೋಟೆಗೋಡೆಯಲ್ಲಿ ಇದೇ ಚಪ್ಪಡಿಗಳು. ಮಂಗಳವೇಢೆಯಲ್ಲಿ ಹುಟ್ಟಿದರೆಂದು ಪರಂಪರೆ ಹೇಳುವ ಟೀಕಾಚಾರ್ಯ ಜಯತೀರ್ಥರ ಹೆಸರು ಮಳಖೇಡದ ಹೊಳೆದಂಡೆಯೊಂದಿಗೂ ಬೆಸೆದುಕೊಂಡಿದೆ. ಕರಿಕಲ್ಲಿನ ಊರಿಗೂ ಸುಣ್ಣಕಲ್ಲಿನ ಊರಿಗೂ ನಂಟು ಹೊಸದಲ್ಲ.

ಇಂದು ಈ ಕಲ್ಲನ್ನು ಎಲ್ಲರೂ ಬಲ್ಲದ್ದು ಶಹಾಬಾದಿ ಫರಸಿ ಎಂದು. ಕಲಬುರಗಿ, ಸೊಲ್ಲಾಪುರ, ವಿಜಯಪುರ ಜಿಲ್ಲೆಗಳ ಹಳೆಯ ಮನೆ, ಶಾಲೆ, ರೈಲು ನಿಲ್ದಾಣಗಳ ನೆಲ ಇದರದೇ. ಖಣಿಯಲ್ಲಿ ಪದರದ ಸಂದಿಗೆ ಉಳಿ ಇಟ್ಟು ಸಾಲಾಗಿ ಬಡಿಯುತ್ತಾರೆ. ಚಪ್ಪಡಿ ಒಂದೇ ದಪ್ಪದಲ್ಲಿ ಮೇಲೇಳುತ್ತದೆ. ಶಹಾಬಾದ, ಚಿತ್ತಾಪುರ ಕಡೆಯ ಹಳ್ಳಿಗಳಲ್ಲಿ ಗೋಡೆ, ಮಾಳಿಗೆ, ಹೊಲದ ಬೇಲಿ ಕೂಡ ಫರಸಿಯದು. ಬಿಸಿಲುಕಾಲದಲ್ಲಿ ಆ ನೆಲದ ಮೇಲೆ ಮಲಗಿದವರಿಗೆ ಅದರ ಬೆಲೆ ಗೊತ್ತು. ಚಪ್ಪಡಿಗೆ ಸಲ್ಲದ ಕಲ್ಲು ಸಿಮೆಂಟಿಗೆ ಸಲ್ಲುತ್ತದೆ; ವಾಡಿ, ಮಳಖೇಡ, ಸೇಡಂಗಳ ದೊಡ್ಡ ಕಾರ್ಖಾನೆಗಳು ನಿಂತಿರುವುದು ಈ ಶ್ರೇಣಿಯ ಆಧಾರದ ಮೇಲೆ. ಕಂಕರ ಸುಡುವ ಭಟ್ಟಿಗಳನ್ನು ನಂದಿಸಿದ್ದೂ ಇದೇ ಸಿಮೆಂಟು. ಖಣಿಗಳ ಸುತ್ತ ಒಡೆದ ಚೂರಿನ ದಿಬ್ಬಗಳು, ಬಿಟ್ಟುಹೋದ ಗುಂಡಿಗಳಲ್ಲಿ ಮಳೆನೀರು. ಆ ಗುಂಡಿಗಳು ಕಡಿದಾದವು, ಬೇಲಿ ಇಲ್ಲದವು. ಮಕ್ಕಳನ್ನು ಕರೆದುಕೊಂಡು ಹೋಗುವವರು ಎಚ್ಚರ ವಹಿಸಬೇಕು.

ಉಳಿದ ಸುಣ್ಣ ಎಲ್ಲಿಗೆ ಹೋಗುತ್ತದೆ? ಮಂಗಳವೇಢೆಯ ಯರಿಯಿಂದ, ಕಾಗಿಣೆಯ ಚಪ್ಪಡಿಗಳಿಂದ ಕರಗಿದ್ದು ಭೀಮೆಯ ಪಾಲಾಗಿ, ಯಾದಗಿರಿಯ ಗ್ರಾನೈಟು ದಾಟಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಕೊಲ್ಲಿಯ ಅಳಿವೆಗಳಲ್ಲಿ ಚಿಪ್ಪು ಕಟ್ಟುವ ಜೀವಿಗಳು ಅದನ್ನು ಮತ್ತೆ ಸುಣ್ಣ ಮಾಡುತ್ತವೆ. ಕೃಷ್ಣಾ ಮುಖಜ ಭೂಮಿಯ ಕೆಸರಿನಲ್ಲಿ ಮುಂದೊಂದು ಕಾಲದ ಸುಣ್ಣಕಲ್ಲು ತಯಾರಾಗುತ್ತಿದೆ ಎಂದು ಹೇಳಲು ಅಡ್ಡಿಯಿಲ್ಲ.

ಭೀಮೆಯ ದಂಡೆ ನೋಡಲು ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು. ಮುಂಗಾರಿನ ನೆರೆ ಇಳಿದಿರುತ್ತದೆ, ಬಿಸಿಲು ತಡೆಯುವಷ್ಟಿರುತ್ತದೆ. ಹೊರಡುವ ಮೊದಲು ಉಜನಿಯಿಂದ ನೀರು ಬಿಟ್ಟಿದ್ದಾರೆಯೇ ಎಂದು ದಂಡೆಯ ಊರಿನವರನ್ನು ಕೇಳಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಕರ್ನಾಟಕದಲ್ಲಿ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಲ್ಲುಕಂಬಗಳನ್ನು, ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಲಾವಾ ದಿಂಬುಗಳನ್ನು ರಾಷ್ಟ್ರೀಯ ಭೂಸ್ಮಾರಕಗಳೆಂದು ಗುರುತಿಸಿದೆ. ಭೀಮಾ ಶ್ರೇಣಿಗೆ ಅಂಥ ಗೌರವ ಸಲ್ಲಬೇಕು. ಶಹಾಬಾದ ಸುತ್ತಿನ ಹಳೆಯ ಖಣಿಗಳಲ್ಲಿ ಪದರಗಳು ಚೆನ್ನಾಗಿ ಕಾಣುವ ಒಂದು ಗೋಡೆಯನ್ನಾದರೂ ಚೂರು ತುಂಬಿ ಮುಚ್ಚದೆ, ಸುತ್ತ ಬೇಲಿ ಹಾಕಿ, ಒಂದು ಫಲಕ ನೆಟ್ಟು ಉಳಿಸಿದರೆ ಕಲಬುರಗಿ ಸೊಲ್ಲಾಪುರಗಳ ಶಾಲೆಯ ಮಕ್ಕಳಿಗೆ ಕಡಲು ನೋಡಲು ಕಾರವಾರದವರೆಗೆ ಹೋಗುವ ಮೊದಲು ಹೋಗಬೇಕಾದ ಜಾಗ ಅದಾಗುತ್ತದೆ. ಜಿಲ್ಲಾಡಳಿತಕ್ಕೆ ಇದು ದೊಡ್ಡ ಖರ್ಚಿನ ಕೆಲಸವೂ ಅಲ್ಲ.